ಆಡುವುದಾದರೆ ಕೈಕುಲುಕಲಿ

2025ರ ಸೆಪ್ಟೆಂಬರ್ 14ರ ರಾತ್ರಿ ನಮ್ಮ ಹಾಸ್ಟೆಲ್ ಟಿ.ವಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ದುಬೈನಲ್ಲಿ ಏಷ್ಯಾ ಕಪ್ ಪಂದ್ಯ. ಪಾಕಿಸ್ತಾನವನ್ನು ಸೋಲಿಸಿದ ನಮ್ಮವರು ಕೈಕುಲುಕದೆ ಹೊರನಡೆದಾಗ ಶಿಳ್ಳೆಯೋ ಶಿಳ್ಳೆ. ‘ಆಡಿದ ಮೇಲೆ ಕೈಕುಲುಕಲು ಏನಡ್ಡಿ?’ ಎಂದೆ. ರೂಮ್‌ಮೇಟ್ ಎರಡು ದಿನ ಮಾತು ಬಿಟ್ಟ. ಅವನ ಅಣ್ಣ ಸೈನ್ಯದಲ್ಲಿದ್ದಾನೆ.

ಅವನ ಸಿಟ್ಟು ಸುಳ್ಳಲ್ಲ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದು ಐದು ತಿಂಗಳೂ ಆಗಿರಲಿಲ್ಲ. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಹಾಗಿದ್ದರೆ ಆಡಲೇಬಾರದಿತ್ತು. ದ್ವಿಪಕ್ಷೀಯ ಸರಣಿ ಬೇಡ, ಹಲವು ದೇಶಗಳ ಟೂರ್ನಿಯಾದರೆ ಆಡಬಹುದು ಎನ್ನುವುದು ಸರ್ಕಾರದ ನೀತಿ. ಪಂದ್ಯವೂ ಬೇಕು, ಪ್ರಸಾರದ ಹಣವೂ ಬೇಕು, ಸಿಟ್ಟು ತೋರಿಸುವ ಕೆಲಸ ಮಾತ್ರ ಆಟಗಾರರ ಪಾಲಿಗೆ!

ಕ್ರಿಕೆಟ್‌ನಿಂದ ಶಾಂತಿ ಬರುತ್ತದೆಂದು ನಾನೂ ನಂಬಿಲ್ಲ. 1999ರ ಜನವರಿಯಲ್ಲಿ ಚೆನ್ನೈನಲ್ಲಿ 12 ರನ್‌ಗಳಿಂದ ಗೆದ್ದ ಪಾಕಿಸ್ತಾನಕ್ಕೆ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದ್ದರು. ಮರುತಿಂಗಳು ವಾಜಪೇಯಿ ಬಸ್ಸಿನಲ್ಲಿ ಲಾಹೋರ್‌ಗೆ ಹೋದರು. ಮೇ ತಿಂಗಳಲ್ಲಿ ಕಾರ್ಗಿಲ್. ಆ ಯುದ್ಧದ ನಡುವೆಯೇ ಜೂನ್ 8ರಂದು ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ ಪಂದ್ಯ ನಡೆಯಿತು. ಚೆನ್ನೈನಲ್ಲಿ 33 ರನ್‌ಗೆ ಆರು ವಿಕೆಟ್ ಕಿತ್ತಿದ್ದ ನಮ್ಮ ವೆಂಕಟೇಶ ಪ್ರಸಾದ್ ಅಲ್ಲಿ ಐದು ಕಿತ್ತರು. ನಾನಿನ್ನೂ ಹುಟ್ಟಿರಲಿಲ್ಲ, ಅಪ್ಪ ಇಂದಿಗೂ ಆ ಬೌಲಿಂಗ್ ಬಗ್ಗೆ ಹೇಳುತ್ತಾರೆ.

ಏಷ್ಯಾ ಕಪ್ ಫೈನಲ್ ಗೆದ್ದ ನಮ್ಮವರು ಮೊಹ್ಸಿನ್ ನಖ್ವಿ ಕೈಯಿಂದ ಟ್ರೋಫಿ ಪಡೆಯಲಿಲ್ಲ. ಅದು ಸರಿಯೇ. ಅವರು ಏಷ್ಯಾ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಷ್ಟೇ ಅಲ್ಲ, ಪಾಕಿಸ್ತಾನದ ಗೃಹ ಸಚಿವರು. ಎದುರಾಳಿ ಬೌಲರ್ ಯಾವ ಖಾತೆಯ ಸಚಿವ? ರೂಮ್‌ಮೇಟ್‌ಗೆ ಹೀಗೇ ಕೇಳಿದೆ. ಅರ್ಧ ಒಪ್ಪಿದ್ದಾನೆ.