ಅಗುಳಿಯ ಮೇಲೇ ಯಾಕೆ ಅಪವಾದ?

ಎನ್.ಸಿ.ಸಿ. ಗೆಳೆಯರ ನಡುವೆ ರೈಫಲ್ ವಿಷಯ ಬಂತೆಂದರೆ ಒಂದು ಮಾತು ಕೇಳಿಬರುತ್ತೆ: "ಲೀ-ಎನ್‌ಫೀಲ್ಡಿನ ಬೋಲ್ಟೇ ಸರಿಯಿಲ್ಲ ಕಣೋ, ಗುರಿ ಅಂದ್ರೆ ಮೌಸರ್!" ಈ ಮಾತು ಅರ್ಧ ಸತ್ಯ. ಉಳಿದರ್ಧವನ್ನು ಯಾರೂ ಹೇಳುವುದಿಲ್ಲ ಎಂಬುದೇ ನನ್ನ ತಕರಾರು.

ಬೋಲ್ಟ್ ಅಂದರೆ ರೈಫಲಿನ ಅಗುಳಿ. ತೋಟಾ ಸಿಡಿದಾಗ ಹಿಂದಕ್ಕೆ ಒದೆಯುವ ಒತ್ತಡವನ್ನು ಅದು ತಡೆಯಬೇಕು. .303 ತೋಟಾದಲ್ಲಿ ಈ ಒತ್ತಡ ಚದರ ಇಂಚಿಗೆ 18 ಟನ್ನಿಗೂ ಹೆಚ್ಚು. 1898ರ ಮೌಸರಿನಲ್ಲಿ ಅಗುಳಿಯ ಎರಡು ಮುಖ್ಯ ಹಲ್ಲುಗಳು ಮುಂತುದಿಯಲ್ಲೇ, ತೋಟಾದ ಬೆನ್ನಿಗೇ ಕಚ್ಚಿಕೊಳ್ಳುತ್ತವೆ. ಲೀ-ಎನ್‌ಫೀಲ್ಡಿನಲ್ಲಿ ಅವು ಹಿಂದಿವೆ. ಆದ್ದರಿಂದ ಬೋಲ್ಟ್ ತುಸು ಕುಗ್ಗುತ್ತೆ, ಅದು ಕೂತ ಮನೆ ತುಸು ಹಿಗ್ಗುತ್ತೆ; ಎರಡು ಪಕ್ಕವೂ ಒಂದೇ ಸಮ ಹಿಗ್ಗದೆ ನಳಿಗೆ ಹೆಚ್ಚು ಅದುರುತ್ತೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರೇ ಮೌಸರ್ ಮಾದರಿಯ 'ಪ್ಯಾಟರ್ನ್ 1914' ರೈಫಲನ್ನು ಗುರಿಕಾರರ ಕೈಗೆ ಕೊಟ್ಟರು. ಇಷ್ಟೂ ನಿಜ.

ಆದರೆ ಮುಂದೇನಾಯಿತು? ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಗುರಿಕಾರರು ಹಿಡಿದದ್ದು ಅದೇ ಹಿಂಬದಿ ಹಲ್ಲಿನ ಲೀ-ಎನ್‌ಫೀಲ್ಡ್ ನಂ. 4. ಚೆನ್ನಾಗಿ ಗುರಿ ಹಿಡಿಯುವ ರೈಫಲುಗಳನ್ನು ಆರಿಸಿ, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕೊಟ್ಟು ದುರ್ಬೀನು ಕೂರಿಸಿದ್ದರು. ಅದರದೇ 7.62 ಮಿ.ಮೀ. ರೂಪ 1982ರ ಫಾಕ್‌ಲೆಂಡ್ಸ್ ಯುದ್ಧಕ್ಕೂ ಹೋಯಿತು. ಅಗುಳಿಯೊಂದೇ ಗುರಿಯನ್ನು ನಿರ್ಧರಿಸುವಂತಿದ್ದರೆ ಇದು ಹೇಗೆ ಸಾಧ್ಯ?

ಇನ್ನೂ ಒಂದು ತಮಾಷೆ ನೋಡಿ. ಆ ಅದುರುವಿಕೆಯಿಂದಲೇ ನಿಧಾನದ ಗುಂಡು ತುಸು ಮೇಲ್ಮುಖವಾಗಿ ಹೊರಡುತ್ತೆ. ಸಾವಿರ ಗಜದಷ್ಟು ದೂರದಲ್ಲಿ ವೇಗದ ಗುಂಡಿನ ಹತ್ತಿರವೇ ಬಂದು ಬೀಳುತ್ತೆ. ಹತ್ತಿರದ ದೋಷ ದೂರಕ್ಕೆ ಗುಣ!

ಹಲ್ಲು ಎಲ್ಲಿದೆ ಅನ್ನುವಷ್ಟೇ ಮುಖ್ಯ, ಎರಡು ಹಲ್ಲೂ ಸಮನಾಗಿ ಕಚ್ಚಿವೆಯೇ, ಬೋಲ್ಟಿನ ಮುಖ ನಳಿಗೆಗೆ ನೇರವಾಗಿದೆಯೇ, ನಳಿಗೆ ಮರದಲ್ಲಿ ಸರಿಯಾಗಿ ಕೂತಿದೆಯೇ ಅನ್ನುವುದು. ವಿನ್ಯಾಸಕ್ಕೆ ಬೇರೆ ಕರ್ತವ್ಯವೂ ಉಂಟು: ಲೀ ಬೋಲ್ಟಿನ ಹಿಡಿಕೆಯನ್ನು 60 ಡಿಗ್ರಿ ಎತ್ತಿದರೆ ಸಾಕು, ಮೌಸರಿಗೆ 90 ಬೇಕು. 1914ರ ಬ್ರಿಟಿಷ್ ಸಿಪಾಯಿ 300 ಗಜದ ಗುರಿಗೆ ನಿಮಿಷಕ್ಕೆ 15 ಗುಂಡು ಹೊಡೆಯುತ್ತಿದ್ದುದು ಈ ಬೋಲ್ಟಿನಿಂದಲೇ.

ಇನ್ನು ನಮ್ಮ ಹುಡುಗರು ಹೊಡೆಯೋದು ಪುಟ್ಟ .22 ತೋಟಾ, ಹತ್ತಿರದ ಗುರಿಗೆ. ಅದರ ಒತ್ತಡಕ್ಕೆ ಯಾವ ಬೋಲ್ಟೂ ಲೆಕ್ಕಕ್ಕೆ ಬರುವಷ್ಟು ಕುಗ್ಗುವುದಿಲ್ಲ. ಅಲ್ಲಿ ಗುಂಡು ಚದುರಿದರೆ ಮೊದಲು ಉಸಿರು, ಭುಜ, ಕುದುರೆ ಎಳೆಯುವ ಬೆರಳನ್ನು ವಿಚಾರಿಸೋಣ. ಅಗುಳಿಯ ವಿಚಾರಣೆ ಆಮೇಲೆ. ಏನಂತೀರಿ?