ಗೆದ್ದ ಬದುಕಿನ ಅಳತೆಗೋಲು

ಭದ್ರೆಯ ದಡದ ಬಾಳೆಹೊನ್ನೂರಿನ ಆಸುಪಾಸಿನಲ್ಲಿ ಬದುಕಿನ ಗೆಲುವನ್ನು ಅಳೆಯುವ ಎರಡು ಕೋಲುಗಳಿವೆ. ಎಕರೆಗೆ ಎಷ್ಟು ಮೂಟೆ, ಮೂಟೆಗೆ ಎಷ್ಟು ಬೆಲೆ ಎಂದು ಕೇಳುವುದು ಒಂದು. ಹಿರಿಯರಿಂದ ಪಡೆದ ನೆಲ, ನೀರು, ಮರಗಳನ್ನು ಯಾವ ಸ್ಥಿತಿಯಲ್ಲಿ ಮಕ್ಕಳಿಗೆ ಒಪ್ಪಿಸುವಿರಿ ಎಂದು ಕೇಳುವುದು ಇನ್ನೊಂದು. ಮೊದಲನೆಯದಕ್ಕೆ ಈ ವರ್ಷದ ಕೊಯ್ಲೇ ಉತ್ತರ. ಎರಡನೆಯದರ ಉತ್ತರಕ್ಕೆ ಒಂದು ತಲೆಮಾರು ಕಾಯಬೇಕು.

ಮೊದಲನೆಯ ಕೋಲನ್ನು ಹಗುರವಾಗಿ ಕಾಣಲಾಗದು. ಬ್ಯಾಂಕಿನ ಸಾಲವಾಗಲಿ, ಆಳುಗಳ ಸಂಬಳವಾಗಲಿ ತತ್ತ್ವಜ್ಞಾನದಿಂದ ತೀರುವುದಿಲ್ಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಪ್ರಯೋಗ ಕೇಂದ್ರ, ಅಂದರೆ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಎಲೆತುಕ್ಕು ರೋಗವನ್ನು ತಾಳಿಕೊಳ್ಳುವ ತಳಿಗಳನ್ನು ಕೊಟ್ಟದ್ದು ಇಳುವರಿಗಾಗಿಯೇ. ಅದನ್ನು ಬಯಸುವುದು ತಪ್ಪಲ್ಲ.

ಆದರೆ ಅದೊಂದೇ ಅಳತೆಯಾದರೆ ಆಗುವುದೇನು? 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. 2001-02ರ ಹೊತ್ತಿಗೆ ಬೆಲೆ ಪಾತಾಳ ಕಂಡಿತು. 2025ರ ಆರಂಭದಲ್ಲಿ ಅದೇ ಕಾಫಿಯ ಬೆಲೆ ದಾಖಲೆಯ ಎತ್ತರ ಮುಟ್ಟಿತು. ತೋಟ ಅದೇ, ದುಡಿಮೆಯೂ ಅದೇ. ಹಾಗಾದರೆ ಅಂದು ಸೋತವನೂ ಇಂದು ಗೆದ್ದವನೂ ಒಬ್ಬನೇ ಬೆಳೆಗಾರನೆ? ನಮ್ಮ ಬಾಳಿಗೆ ಲಂಡನ್, ನ್ಯೂಯಾರ್ಕ್ ಪೇಟೆಗಳು ಬೆಲೆ ಕಟ್ಟುವುದಾದರೆ ಆ ಬಾಳು ನಮ್ಮದು ಹೇಗಾದೀತು?

ಇದೇ ನದಿಯ ಮೇಲ್ಭಾಗದಲ್ಲಿ ಇನ್ನೂ ಸ್ಪಷ್ಟವಾದ ಪಾಠವಿದೆ. ಕುದುರೆಮುಖದ ಕಬ್ಬಿಣದ ಗಣಿ, ರಫ್ತಿನ ಲೆಕ್ಕದಲ್ಲಿ ಯಶಸ್ಸಿನ ಕಥೆಯೇ ಆಗಿತ್ತು. ಆ ಲೆಕ್ಕಪುಸ್ತಕದಲ್ಲಿ ಭದ್ರೆಗೆ ಇಳಿದ ಹೂಳಿಗೆ ಕಲಮು ಇರಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆದಾಯ ನಿಂತುಹೋಯಿತು; ಅಗೆದ ಬೆಟ್ಟ ಹಾಗೆಯೇ ಉಳಿಯಿತು.

ಗಣಿಯನ್ನು ವಿರೋಧಿಸಿದ ನಾವು ನಮ್ಮ ತೋಟದ ಲೆಕ್ಕವನ್ನೂ ನೋಡಿಕೊಳ್ಳಬೇಕು. ಬೆಲೆ ಏರಿದಾಗ ನೆರಳಿನ ಮರಗಳು ಕೊಡಲಿಗೆ ಎದುರಾಗುತ್ತವೆ. ನೆರಳು ತೆಳುವಾದರೆ ರೊಬಸ್ಟಾ ಹೆಚ್ಚು ಬಿಟ್ಟೀತು. ಆದರೆ ಬಿಸಿಲಿಗೆ ಒಡ್ಡಿಕೊಂಡ ಅರೇಬಿಕಾ ಗಿಡವನ್ನೇ ಬಿಳಿ ಕಾಂಡಕೊರಕ ಹುಡುಕಿ ಬರುತ್ತದೆ. ಹಲಸು, ಅತ್ತಿ, ನಂದಿ ಉರುಳಿದ ಜಾಗದಲ್ಲಿ ಸಿಲ್ವರ್ ಓಕ್ ಬೇಗ ಎದ್ದೀತು. ಹಣ್ಣಿಗೆ ಬರುತ್ತಿದ್ದ ಹಕ್ಕಿಗೆ ಅದರಲ್ಲಿ ಏನಿದೆ? ಪಲ್ಪಿಂಗ್ ಮಾಡಿದ ಕೊಳೆನೀರನ್ನು ಹಳ್ಳಕ್ಕೆ ಬಿಟ್ಟವನ ಲಾಭದಲ್ಲಿ ಕೆಳಗಿನ ಊರಿನವರ ನಷ್ಟವೂ ಸೇರಿದೆ.

ಈ ಎರಡು ಕೋಲುಗಳಲ್ಲಿ ಒಂದನ್ನು ಮುರಿಯಬೇಕೆಂದು ನಾವು ಹೇಳುತ್ತಿಲ್ಲ. ಇಳುವರಿಯನ್ನು ಮೊದಲನೆಯದರಿಂದ ಅಳೆಯೋಣ, ಬದುಕನ್ನು ಎರಡನೆಯದರಿಂದ. ಈ ಬಾರಿ ಕೈಗೆ ಬಂದ ಹಣದಲ್ಲಿ ಕೊಳೆನೀರು ಇಂಗಿಸುವ ಹೊಂಡವೊಂದು, ನಾಲ್ಕು ಕಾಡುಮರಗಳ ಸಸಿ ಮೇಲೇಳಲಿ. ಬೆಲೆ ಮತ್ತೆ ಬಿದ್ದಾಗಲೂ ಅವು ನಮ್ಮ ಗೆಲುವಿನ ಲೆಕ್ಕದಲ್ಲಿ ಉಳಿಯುತ್ತವೆ.