ಹೊಂಗೆ ಬೀಜಕ್ಕೆ ಬೆಲೆ ಕೊಡದೆ ಬಯೋಡೀಸೆಲ್ ಎಲ್ಲಿಂದ ಬರಬೇಕು?

ಪೆಟ್ರೋಲಿಗೆ ಎಥೆನಾಲ್ ಬೆರೆಸಲು ಕೇಂದ್ರ ಸರ್ಕಾರ ತೋರಿದ ಅವಸರ ಸಣ್ಣದಲ್ಲ. 2030ಕ್ಕೆ ಎಂದಿದ್ದ ಶೇ 20ರ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದಾಯಿತು. ಆದರೆ ದೇಶದಲ್ಲಿ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಖರ್ಚಾಗುವುದು ಡೀಸೆಲ್. ಅದಕ್ಕೆ ಬೆರೆಯುತ್ತಿರುವ ಬಯೋಡೀಸೆಲ್ ಪ್ರಮಾಣ ಶೇ 1ರ ಆಸುಪಾಸಿನಲ್ಲೇ ತೆವಳುತ್ತಿದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಶೇ 5 ಎನ್ನುತ್ತದೆ. ಹೀಗೇ ಹೋದರೆ ಆ ಗುರಿ ಕಡತದಲ್ಲೇ ಕೊಳೆಯುತ್ತದೆ.

ತಂತ್ರಜ್ಞಾನದ ಕೊರತೆ ಎಂದು ಯಾರೂ ಹೇಳುವಂತಿಲ್ಲ. ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕ್ಷಾರ ಸೇರಿಸಿ ಕಾಯಿಸಿದರೆ ಗ್ಲಿಸರಿನ್ ತಳದಲ್ಲಿ ನಿಲ್ಲುತ್ತದೆ, ಬಯೋಡೀಸೆಲ್ ಮೇಲೆ ತೇಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಬರೀ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ನೀರೆತ್ತಿಸಿ ತೋರಿಸಿದ್ದರು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಎದ್ದಿತು. ರಾಜ್ಯಕ್ಕೊಂದು ಮಂಡಳಿಯೂ ಬಂತು. ಬಾರದೆ ಉಳಿದದ್ದು ಬೀಜಕ್ಕೆ ಬೆಲೆ.

ಹೊಂಗೆ ಕಾಯಿ ಆಯ್ದು, ಒಣಗಿಸಿ, ಬಡಿದು, ಸಿಪ್ಪೆ ಕೇರಿ ಬೀಜ ತೆಗೆಯುವುದು ಬೇಸಿಗೆಯ ಸುಡುಬಿಸಿಲಿನ ಕೆಲಸ. ಬಹುಪಾಲು ಹೆಂಗಸರದ್ದೇ. ಗಾಣದಲ್ಲಿ ಒಂದು ಲೀಟರ್ ಎಣ್ಣೆ ಇಳಿಯಬೇಕಾದರೆ ಸುಮಾರು ನಾಲ್ಕು ಕಿಲೋ ಬೀಜ ಬೇಕು. ಅಷ್ಟು ಬೀಜ ಸಂತೆಗೆ ಹೊತ್ತವಳಿಗೆ ವ್ಯಾಪಾರಿ ಹೇಳಿದ್ದೇ ರೇಟು. ಕೂಲಿಯೂ ಗಿಟ್ಟದಿದ್ದರೆ ಮರುವರ್ಷ ಕಾಯಿ ಮರದಡಿಯೇ ಬಿದ್ದಿರುತ್ತದೆ.

ದೆಹಲಿಗೆ ಇದು ಅರ್ಥವಾಗದೆ ಹೋಯಿತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಬಯೋಡೀಸೆಲ್‌ಗೆಂದು ಲಕ್ಷಾಂತರ ಹೆಕ್ಟೇರಿನಲ್ಲಿ ಕಾಡುಹರಳು (ಜಟ್ರೋಫಾ) ಬೆಳೆಸುವ ಕನಸು ಕಂಡಿತು. 2005ರಲ್ಲಿ ಬಯೋಡೀಸೆಲ್ ಖರೀದಿ ದರವನ್ನು ಲೀಟರಿಗೆ 25 ರೂಪಾಯಿ ಎಂದು ಕಟ್ಟಿದರು. ಅಷ್ಟರಲ್ಲಿ ತಯಾರಿಕೆಯ ಖರ್ಚೇ ಹುಟ್ಟುತ್ತಿರಲಿಲ್ಲ. ಗಿಡ ನೆಟ್ಟ ರೈತರು ಕಿತ್ತುಹಾಕಿದರು. ಅದೇ ಕಬ್ಬಿನ ರಸದ ಎಥೆನಾಲ್‌ಗೆ ಲೀಟರಿಗೆ 65.61 ರೂಪಾಯಿ ಗೊತ್ತುಮಾಡಿ, ಖರೀದಿಯ ಖಾತರಿಯನ್ನೂ ಕೊಟ್ಟರು. ಆ ಒಂದು ಲೀಟರಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ವರದಿಯೇ ಹೇಳುತ್ತದೆ. ನೀರು ಕುಡಿಯುವ ಬೆಳೆಗೆ ಕೆಂಪುಹಾಸು, ಬದುವಿನಲ್ಲಿ ತಾನೇ ಬೆಳೆದು ಮಣ್ಣಿಗೆ ಸಾರಜನಕ ತುಂಬುವ ಮರಕ್ಕೆ ಬರೀ ಭಾಷಣ. ಕಬ್ಬಿನ ಹಿಂದೆ ಕಾರ್ಖಾನೆ ಮಾಲೀಕರಿದ್ದಾರೆ, ಹೊಂಗೆಯ ಹಿಂದೆ ಯಾರಿದ್ದಾರೆ?

ಬಯೋಡೀಸೆಲ್ ವಿರೋಧಿಗಳ ಮಾತಲ್ಲೂ ಹುರುಳಿದೆ. ಅಡುಗೆ ಎಣ್ಣೆಯ ಅರ್ಧಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ದೇಶ ತಾಳೆ, ಸೋಯಾ ಎಣ್ಣೆಯನ್ನು ಎಂಜಿನ್ನಿಗೆ ಸುರಿಯುವುದು ಅವಿವೇಕ. ಪಾಳುಭೂಮಿ ಎಂಬ ಹೆಸರಿಟ್ಟು ದನ ಮೇಯುವ ಗೋಮಾಳವನ್ನು ಕಂಪನಿಗಳ ತೋಟಕ್ಕೆ ಕೊಡುವುದು ಅನ್ಯಾಯ. ವರ್ಷಕ್ಕೆ ಸುಮಾರು 9 ಕೋಟಿ ಟನ್ ಡೀಸೆಲ್ ಸುಡುವ ದೇಶಕ್ಕೆ ಹೊಂಗೆಯೊಂದೇ ಸಾಲದು ಎಂಬುದೂ ನಿಜ. ಆದರೆ ಪೂರ್ತಿ ಸಾಲದೆಂದು ಇರುವುದನ್ನೂ ಚೆಲ್ಲಬೇಕೆ?

ಬದುವಿನ ಬೀಜದ ಜೊತೆಗೆ ಹೋಟೆಲ್ ಬಾಣಲೆಯ ಕರಿದ ಎಣ್ಣೆಯೂ ಇದೆ. ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರಿಂದ ಜಾರಿಯಲ್ಲಿದೆ. ಹಾಗಿದ್ದೂ ದೊಡ್ಡ ಅಡುಗೆಮನೆಯ ಕಪ್ಪು ಎಣ್ಣೆ ಬೀದಿಬದಿಯ ಬೋಂಡಾ ಬಾಣಲೆಗೆ ಇಳಿಯುವುದು ನಿಂತಿಲ್ಲ. ಅದು ಹೋಗಬೇಕಾದದ್ದು ಬಯೋಡೀಸೆಲ್ ಘಟಕಕ್ಕೆ, ಜನರ ಹೊಟ್ಟೆಗಲ್ಲ.

ರಾಜ್ಯ ಸರ್ಕಾರ ಮಾಡಬೇಕಾದದ್ದು ಸ್ಪಷ್ಟ. ಹೊಂಗೆ, ಬೇವು, ಹಿಪ್ಪೆ ಬೀಜಕ್ಕೆ ಸುಗ್ಗಿಗೆ ಮೊದಲೇ ಬೆಂಬಲ ಬೆಲೆ ಸಾರಲಿ. ಹಾಲಿನ ಡೇರಿಯಂತೆ ಊರಲ್ಲೇ ತೂಗಿ, ಹಣ ನೇರ ಹೆಂಗಸರ ಖಾತೆಗೆ ಹಾಕಲಿ. ಎಣ್ಣೆ ತಾಲ್ಲೂಕಿನಲ್ಲೇ ತೆಗೆದು ಹಿಂಡಿಯನ್ನು ರೈತರ ಹೊಲಕ್ಕೆ ಮರಳಿಸಲಿ. ಸರ್ಕಾರಿ ಬಸ್ಸುಗಳು ಆ ಬಯೋಡೀಸೆಲ್ಲನ್ನು ಕಡ್ಡಾಯವಾಗಿ ಕೊಳ್ಳಲಿ. ಇಷ್ಟು ಮಾಡಲಾಗದಿದ್ದರೆ ಪ್ರತಿ ವರ್ಷ ಆಗಸ್ಟ್ 10ರಂದು ಜೈವಿಕ ಇಂಧನ ದಿನ ಆಚರಿಸುವುದನ್ನಾದರೂ ನಿಲ್ಲಿಸಲಿ.